'ಸ್ವೀನಿ ಟಾಡ್' ಮನೆಯವರ ಜೊತೆ ಕೂತು ನೋಡಬಹುದಾ? ನೋಡಿದವರು ಹೇಳಿ

ಮಲ್ಲಿಗೆಮೊಗ್ಗು: ಭಾನುವಾರ ಮನೆಯಲ್ಲಿ 2007ರ 'ಸ್ವೀನಿ ಟಾಡ್' ಹಾಕೋಣ ಅಂತಿದ್ದೇವೆ. ಮಗಳು ಡಿಗ್ರಿ ಓದ್ತಿದ್ದಾಳೆ, ನಾಟಕ ಅಂದ್ರೆ ಪ್ರಾಣ. ಯಜಮಾನರಿಗೆ ಅದರ ನಾಯಕ ಜಾನಿ ಡೆಪ್ ಇಷ್ಟ. ಅತ್ತೆಯೂ ಬಂದು ಕೂರ್ತಾರೆ. ಸೇಡಿಗೆ ಬಿದ್ದ ಒಬ್ಬ ಕ್ಷೌರಿಕನ ಸ್ವಲ್ಪ ಭಯಂಕರ ಕಥೆ ಅಂತ ಕೇಳಿದ್ದೇನೆ. ನಿಮ್ಮ ಜೊತೆ ನೋಡಿದವರು ಏನಂದರು?

ಡಿಕಾಕ್ಷನ್: ಬಿಡುಗಡೆಯಾದಾಗ ನಾನು ನ್ಯೂಜೆರ್ಸಿಯಲ್ಲಿದ್ದೆ, ರೂಮಿನ ಹುಡುಗರ ಜೊತೆ ಥಿಯೇಟರಿಗೆ ಹೋಗಿದ್ದೆ. ಟ್ರೇಲರ್‌ನಲ್ಲಿ ಹಾಡಿನ ಸುಳಿವೇ ಜಾಸ್ತಿ ಇರಲಿಲ್ಲ. ಡೆಪ್, ರೇಜರ್, ಸೇಡು, ಅಷ್ಟೇ. ಸಿನಿಮಾ ಶುರುವಾದರೆ ಹಡಗಿನ ಮೇಲೆ ನಿಂತ ಹುಡುಗ ಬಾಯಿ ತೆಗೆದದ್ದೇ ಹಾಡೋಕೆ! ಪಕ್ಕದವನು 'ಇವರು ಮಾತೇ ಆಡಲ್ವೇನೋ?' ಅಂತ ಗೊಣಗಿದ. ಹಿಂದಿನ ಸಾಲಿನ ಇಬ್ಬರು ಎದ್ದೇ ಹೋದರು. ಬ್ರಿಟನ್ನಿನಲ್ಲಿ ಇದೇ ವಿಷಯಕ್ಕೆ ಕೆಲವರು ದೂರು ಕೊಟ್ಟಿದ್ದರು. ಹಾಗಾಗಿ ಯಜಮಾನರಿಗೆ ಮೊದಲೇ ಹೇಳಿಬಿಡಿ ಮೇಡಂ, ಇದು ಮುಕ್ಕಾಲುಪಾಲು ಹಾಡು ಅಂತ. ಸಿಟ್ಟು ಬಂದವರಿಗೆಲ್ಲ ಬಂದದ್ದು ರಕ್ತಕ್ಕಲ್ಲ, ಗೊತ್ತಿಲ್ಲದೆ ಬಂದು ಸಿಕ್ಕಿಹಾಕಿಕೊಂಡದ್ದಕ್ಕೆ.

ಊರುಗೋಲು: ರಕ್ತಕ್ಕೂ ಬರುತ್ತೆ ಸಾರ್. ನಮ್ಮಮ್ಮ ಅರ್ಧಕ್ಕೇ ಎದ್ದರು. ಚಿತ್ರದ ಬಣ್ಣವೆಲ್ಲ ಬೂದಿ ಬೂದಿ, ಅದರ ಮಧ್ಯೆ ರಕ್ತ ಮಾತ್ರ ಕೆಂಪಗೆ ಚಿಮ್ಮುತ್ತೆ. ಆ ಕ್ಷೌರಿಕ ಮಗಳನ್ನು ನೆನೆದು ಮೆಲ್ಲಗೆ ಜೋಗುಳದ ಹಾಗೆ ಹಾಡ್ತಾ, ಗಿರಾಕಿಗಳ ಕತ್ತು ಕುಯ್ತಾನೆ. ದನಿಯಲ್ಲಿ ಸಿಟ್ಟೇ ಇಲ್ಲ. ಕುರ್ಚಿ ಹಿಂದಕ್ಕೆ ವಾಲಿದರೆ ಹೆಣ ತಲೆಕೆಳಗಾಗಿ ನೆಲಮಾಳಿಗೆಗೆ. ಆ ದಪ್ ಅನ್ನೋ ಸದ್ದು ಇದೆಯಲ್ಲ, ಅಮ್ಮ ಕಣ್ಣು ಮುಚ್ಚಿಕೊಂಡರೂ ಅದು ಬಿಡಲಿಲ್ಲ. 'ಹಾಡೇನೋ ಚೆನ್ನಾಗಿದೆ' ಅಂತ ಅಡುಗೆಮನೆಯಿಂದ ಹೇಳಿದರು.
ಇನ್ನೊಂದು ಮಾತು ಅಕ್ಕಾ. ಅವನ ಸೇಡೆಲ್ಲ ಇರೋದು ಒಬ್ಬ ನ್ಯಾಯಾಧೀಶನ ಮೇಲೆ. ಆ ನ್ಯಾಯಾಧೀಶ ಕ್ಷೌರಿಕನ ಹೆಂಡತಿಯನ್ನು ಮುಖವಾಡದ ಪಾರ್ಟಿಗೆ ಕರೆಸಿ ಕೆಡಿಸೋ ದೃಶ್ಯವೂ ಇದೆ. ಚಿಕ್ಕದೇ. ಆದರೆ ಅತ್ತೆ ಪಕ್ಕ ಕೂತಾಗ ಅದು ರಕ್ತಕ್ಕಿಂತ ಕಷ್ಟ.

ಹಾರ್ಮೋನಿಯಂ: ಸಿನಿಮಾಕ್ಕೆ ಮೊದಲು ಇದನ್ನು ಲಂಡನ್ನಿನಲ್ಲಿ ರಂಗದ ಮೇಲೆ ನೋಡಿದ್ದೆ. ಸಾಂಡ್‌ಹೈಮ್ ಸಂಗೀತದ ಈ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದದ್ದು 1979ರಲ್ಲಿ. ಅಲ್ಲಿ ಒಂದು ಮೇಳ ಬಂದು 'ಕೇಳಿ ಈ ಕಥೆ' ಅಂತ ಶುರು ಮಾಡುತ್ತೆ, ನಡುನಡುವೆ ಮತ್ತೆ ಬರುತ್ತೆ. ನೋಡೋರಿಗೆ ಇದು ಕಥೆ ಅನ್ನೋ ಧೈರ್ಯ ಇರುತ್ತೆ. ಸಿನಿಮಾ ನಿರ್ದೇಶಕ ಟಿಮ್ ಬರ್ಟನ್ ಆ ಮೇಳದ ಹಾಡನ್ನೇ ತೆಗೆದುಬಿಟ್ಟ. ವಾದ್ಯ ಮಾತ್ರ ಉಳಿಯಿತು. ಕೊಂದವರ ಮಾಂಸ ತುಂಬಿದರೆ ಯಾರಿಂದ ಎಂಥ ಪೈ (ಪಫ್ಸ್ ಥರದ ತಿಂಡಿ) ಆಗುತ್ತೆ ಅಂತ ಕ್ಷೌರಿಕನೂ ಕೆಳಗಿನ ಪೈ ಅಂಗಡಿಯವಳೂ ಲೆಕ್ಕ ಹಾಕೋ ಹಾಡಿಗೆ ರಂಗದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅದೇ ಹಾಡು ನಮ್ಮ ಹಾಲ್‌ನಲ್ಲಿ ಬಂದಾಗ ಪಿನ್ ಡ್ರಾಪ್ ಸೈಲೆನ್ಸು. ಅಲ್ಲಿ ಅವಳು ಇಡೀ ಸಭೆಗೆ ಹಾಡ್ತಾಳೆ, ಇಲ್ಲಿ ಕಿಟಕಿ ಪಕ್ಕ ಪಿಸುಗುಡ್ತಾಳೆ. ನನಗೇನೋ ಈ ಸಿನಿಮಾ ಇಷ್ಟ, ಮೇಳ ಇಲ್ಲದಿದ್ದರೂ. ಅಂಗಡಿಯಲ್ಲಿರೋ ಟೋಬಿ ಇಲ್ಲಿ ನಿಜವಾಗಲೂ ಪುಟ್ಟ ಹುಡುಗ. ಅವನು ಅವಳಿಗೆ 'ನಾನಿದ್ದೀನಿ' ಅಂತ ಹಾಡುವಾಗ ಕರುಳು ಹಿಂಡುತ್ತೆ. ನಿಮ್ಮ ಮಗಳಿಗೆ ಮೊದಲು ಹಾಡುಗಳನ್ನು ಕೇಳಿಸಿ, ಆಮೇಲೆ ಸಿನಿಮಾ ತೋರಿಸಿ.

ರಾತ್ರಿಪಾಳಿ: ನಾವು ಬೇಕರಿಯಿಂದ ಬಿಸಿ ಬಿಸಿ ಪಫ್ಸ್ ತಂದಿಟ್ಟುಕೊಂಡು ಕೂತಿದ್ದೆವು. ಕಥೆ ಗೊತ್ತಿದ್ದವನು ನಾನೊಬ್ಬನೇ, ಆದರೂ ಹೊಳೆಯಲಿಲ್ಲ. ಪೈ ಒಲೆಗೆ ಹೋದಮೇಲೆ ತಮ್ಮನನ್ನು ಬಿಟ್ಟು ಯಾರೂ ತಟ್ಟೆ ಮುಟ್ಟಲಿಲ್ಲ. ಅವನೊಬ್ಬನೇ ಆರೂ ಪಫ್ಸ್ ತಿಂದ. ಮರುದಿನ ಸಲೂನಿಗೆ ಹೋದವನು ಶೇವಿಂಗ್ ಬೇಡ, ಕಟಿಂಗ್ ಸಾಕು ಅಂದನಂತೆ.

ಮಲ್ಲಿಗೆಮೊಗ್ಗು: ಎಲ್ಲರಿಗೂ ಥ್ಯಾಂಕ್ಸ್. ಪಫ್ಸ್ ಕ್ಯಾನ್ಸಲ್. ಯಜಮಾನರಿಗೆ ಹಾಡಿನ ವಿಷಯ ಹೇಳಿದೆ, 'ಡೆಪ್ ಹಾಡ್ತಾನಾ?' ಅಂತ ಇನ್ನೂ ಖುಷಿ. ಅತ್ತೆಗೆ ಆ ಪಾರ್ಟಿ ದೃಶ್ಯದ್ದೂ ಸೇರಿಸಿ ಕಥೆ ಪೂರ್ತಿ ಹೇಳಿದೆ, ಬೇಡ ಅಂತಾರೆ ಅಂದುಕೊಂಡಿದ್ದೆ. ಮಾವಿನಕಾಯಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟು, 'ಆ ಜಡ್ಜು ಕೊನೆಗೆ ಇವನ ಕುರ್ಚಿಗೆ ಬರ್ತಾನಾ ಇಲ್ವಾ?' ಅಂದರು. ಹೇಳಿಲ್ಲ. ಭಾನುವಾರ ನೋಡಲಿ.