ಊಟದ ಬೆಲ್ ಆದ ಮೇಲೆ ಒಬ್ಬನೇ ಆಗಿಬಿಡುತ್ತೇನೆ: ಟೈಪ್ 1 ಇರುವ ಹುಡುಗನ ಪ್ರಶ್ನೆ, ಮಕ್ಕಳ ಡಾಕ್ಟರ್ ಉತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಾನು 9ನೇ ಕ್ಲಾಸು, ಅಮ್ಮನ ಅಕೌಂಟಿಂದ ಈ ಗುಂಪಿನಲ್ಲಿ ಬರೆಯುತ್ತಿದ್ದೇನೆ. ಹೋದ ವರ್ಷ ನನಗೆ ಟೈಪ್ 1 ಡಯಾಬಿಟಿಸ್ ಬಂತು. ಮಧ್ಯಾಹ್ನ ಬೆಲ್ ಆದ ಕೂಡಲೇ ಟಾಯ್ಲೆಟ್‌ಗೆ ಹೋಗಿ ಇನ್ಸುಲಿನ್ ತಗೊಂಡು ಬರುತ್ತೇನೆ. ಅಷ್ಟರಲ್ಲಿ ಎಲ್ಲರೂ ಗುಂಪಾಗಿ ಕೂತು ಅರ್ಧ ಊಟ ಮುಗಿಸಿರುತ್ತಾರೆ. ಮೊದಲು ಡಬ್ಬಿ ಹಂಚಿಕೊಳ್ಳುತ್ತಿದ್ದವರು ಈಗ ಕರೆಯುವುದಿಲ್ಲ. ಒಬ್ಬ ಜಾಸ್ತಿ ಸ್ವೀಟ್ ತಿಂದು ಶುಗರ್ ಬಂದಿದೆ ಅಂದ, ಇನ್ನೊಬ್ಬ ಅಂಟುತ್ತೆ ಅಂದ. ಬರ್ತ್‌ಡೇ ಚಾಕ್ಲೇಟ್ ಹಂಚುವಾಗ ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಪಿ.ಟಿ. ಸರ್ ಸುಮ್ನೆ ಕೂತಿರು ಅನ್ನುತ್ತಾರೆ. ಕೆಲವು ದಿನ ಇನ್ಸುಲಿನ್ ತಗೊಳ್ಳದೆ ಎಲ್ಲರ ಜೊತೆ ಊಟಕ್ಕೆ ಕೂತಿದ್ದೇನೆ. ಅಮ್ಮನಿಗೆ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತೆ. ಏನು ಮಾಡಲಿ?

ಡಾಕ್ಟರ್: ಬರೆದದ್ದು ಒಳ್ಳೇದಾಯ್ತು ಪುಟ್ಟ. ಯಾರೂ ಬೈಯುವುದಿಲ್ಲ.

ಮೊದಲು ಇನ್ಸುಲಿನ್ ಬಿಟ್ಟ ವಿಷಯ. ಆ ದಿನಗಳಲ್ಲಿ ಸಾಯಂಕಾಲ ಬಾಯಾರಿಕೆ, ಸುಸ್ತು, ಮತ್ತೆ ಮತ್ತೆ ಮೂತ್ರ ಆಗಿರಬೇಕು ಅಲ್ವಾ? ಇನ್ಸುಲಿನ್ ಸಿಗದಿದ್ದರೆ ದೇಹಕ್ಕೆ ಸಕ್ಕರೆ ಬಳಸಲು ಆಗದೆ ಕೊಬ್ಬನ್ನು ಕರಗಿಸತೊಡಗುತ್ತದೆ, ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಜಾಸ್ತಿಯಾಗುತ್ತದೆ, ಆಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಅಲ್ಲಿಗೆ ಐಸಿಯು ತನಕ ಹೋಗಬಹುದು. ಒಂಟಿ ಅನ್ನಿಸಿದಾಗ ಏನನ್ನಾದರೂ ಬಿಡು, ಇದೊಂದನ್ನು ಬಿಡಬೇಡ.

ಈಗ ಗೆಳೆಯರ ವಿಷಯ. ನೀನು ದೂರ ಆಗಿದ್ದಕ್ಕೆ ಕಾಯಿಲೆಗಿಂತ ಆ ಟಾಯ್ಲೆಟ್ಟೇ ಜಾಸ್ತಿ ಕಾರಣ ಅಂತ ನನಗೆ ಅನ್ನಿಸುತ್ತದೆ. ಅವರ ಕಡೆಯಿಂದ ನೋಡು: ಬೆಲ್ ಆದ ಕೂಡಲೇ ಮಾಯವಾಗುತ್ತೀಯ, ತಡವಾಗಿ ಬರುತ್ತೀಯ, ಯಾಕೆ ಅಂತ ಹೇಳುವುದಿಲ್ಲ. ಚಾಕ್ಲೇಟ್ ಕೊಟ್ಟರೆ ನಿನಗೆ ಏನಾದರೂ ಆಗಿಬಿಟ್ಟರೆ ಅನ್ನುವ ಭಯವೂ ಅವರಿಗೆ ಇರುತ್ತದೆ. ಗೊತ್ತಿಲ್ಲದ ಕಡೆ ಅಂಟುತ್ತೆ ಅನ್ನುವಂಥ ಮಾತು ಹುಟ್ಟಿಕೊಳ್ಳುತ್ತದೆ.

ಎಲ್ಲರಿಗೂ ಹೇಳಬೇಕಾಗಿಲ್ಲ. ನಿನಗೆ ನಂಬಿಕೆ ಇರುವ ಒಬ್ಬನನ್ನು ಆರಿಸಿಕೋ, ಅವನಿಗೊಂದು ಕೆಲಸ ಕೊಡು. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್‌ನ ಬಟನ್ ಒತ್ತಿದ ಮೇಲೆ ಹತ್ತು ಎಣಿಸುವವರೆಗೆ ಸೂಜಿ ತೆಗೆಯಬಾರದು, ಗೊತ್ತಲ್ವಾ? ಟಾಯ್ಲೆಟ್‌ನಲ್ಲಿ ಯಾರೋ ಬಾಗಿಲು ಬಡಿದರೆ ನೀನು ನಾಲ್ಕಕ್ಕೇ ತೆಗೆದುಬಿಡುತ್ತೀಯ, ಸೂಜಿ ತುದಿಯಲ್ಲಿ ಒಂದು ಹನಿ ಉಳಿಯುತ್ತದೆ, ಚರ್ಮದ ಮೇಲೂ ಒದ್ದೆ, ಅಷ್ಟು ಡೋಸ್ ಕಮ್ಮಿಯಾಯಿತು. ಕ್ಲಾಸ್‌ರೂಮಿನ ಬೆಂಚಿನಲ್ಲೇ ಕೂತು ತಗೋ, ಆ ಹತ್ತು ಎಣಿಸುವ ಕೆಲಸ ಅವನದು. ಒಂದು ವಾರದಲ್ಲಿ ಪಕ್ಕದವರೂ ಎಣಿಸುತ್ತಾರೆ ನೋಡು.

ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಏನು ಮಾಡಬೇಕು ಅನ್ನುವುದೂ ಅವನಿಗೆ ಗೊತ್ತಿರಲಿ. ಕೈ ನಡುಗುವುದು, ಬೆವರುವುದು, ಸುಮ್ನೆ ಸಿಡುಕುವುದು ಕಂಡರೆ ಮೂರು ಚಮಚ ಗ್ಲೂಕೋಸ್ ಪುಡಿ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಚಾಕ್ಲೇಟ್ ಅಲ್ಲ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಟೀಚರನ್ನು ಕೂಗಬೇಕು.

ಸ್ವೀಟ್ ತಿಂದಿದ್ದಕ್ಕೆ ಬಂತು ಅನ್ನುವವನಿಗೆ ಸಲೀಸಾಗಿ ಹೇಳು: ನನ್ನ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳು ಮಾಡಿತು, ಅದಕ್ಕೆ ಹೊರಗಿಂದ ತಗೊಳ್ಳುತ್ತೇನೆ. ಬರ್ತ್‌ಡೇ ಚಾಕ್ಲೇಟನ್ನು ಕೈಚಾಚಿ ತಗೋ, ಊಟದ ಜೊತೆ ಇನ್ಸುಲಿನ್ ಲೆಕ್ಕದಲ್ಲಿ ಸೇರಿಸಿಕೊಂಡು ತಿನ್ನಬಹುದು.

ಆಟವನ್ನಂತೂ ಬಿಡಲೇಬೇಡ. ವಾಸಿಂ ಅಕ್ರಂ ಅವರಿಗೆ ಡಯಾಬಿಟಿಸ್ ಗೊತ್ತಾಗಿದ್ದು 1997ರಲ್ಲಿ, ಇನ್ಸುಲಿನ್ ತಗೊಳ್ಳುತ್ತಲೇ 2003ರವರೆಗೆ ಪಾಕಿಸ್ತಾನಕ್ಕೆ ಬೌಲಿಂಗ್ ಮಾಡಿದರು. ಆಟಕ್ಕೆ ಮೊದಲು ಚೆಕ್ ಮಾಡು, 90ಕ್ಕಿಂತ ಕಮ್ಮಿ ಇದ್ದರೆ ಒಂದು ಬಾಳೆಹಣ್ಣು ತಿಂದು ಇಳಿ. ಗ್ಲೂಕೋಸ್ ಜೇಬಲ್ಲೇ ಇರಲಿ.

ತಾಯಿ: ಮೇಡಂ, ಓದಿ ಕೈಕಾಲೇ ಆಡಲಿಲ್ಲ. ಮನೆಯಲ್ಲಿ ನಮ್ಮತ್ತೆ ಯಾರಿಗೂ ಹೇಳಬೇಡಿ, ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಹುಡುಗನಿಗೇ ತೊಂದರೆ ಅನ್ನುತ್ತಾರೆ. ಸ್ಕೂಲಲ್ಲಿ ಕ್ಲಾಸ್ ಟೀಚರ್‌ಗೆ ಮಾತ್ರ ಗೊತ್ತು.

ಡಾಕ್ಟರ್: ಅಮ್ಮಾ, ಅಜ್ಜಿಗೆ ಮೊಮ್ಮಗನ ಮೇಲೆ ಪ್ರೀತಿ ಇರುವುದಕ್ಕೇ ಹಾಗನ್ನುತ್ತಾರೆ. ಅವರನ್ನೂ ಒಮ್ಮೆ ಚೆಕಪ್‌ಗೆ ಕರೆತನ್ನಿ, ನಾನೇ ಕೂರಿಸಿಕೊಂಡು ಮಾತಾಡುತ್ತೇನೆ. ಆದರೆ ಶುಗರ್ ಇಳಿದ ಹುಡುಗ ಡೆಸ್ಕ್ ಮೇಲೆ ತಲೆಯಿಟ್ಟರೆ, ಗೊತ್ತಿಲ್ಲದ ಮೇಷ್ಟ್ರು ನಿದ್ದೆ ಮಾಡುತ್ತಿದ್ದಾನೆ ಅಂತ ಬಿಟ್ಟುಬಿಡುತ್ತಾರೆ. ನನಗೆ ಅದೇ ದೊಡ್ಡ ಭಯ. ಒಂದೇ ಹಾಳೆಯಲ್ಲಿ ಲಕ್ಷಣ, ಮಾಡಬೇಕಾದ್ದು, ನಿಮ್ಮ ಫೋನ್ ನಂಬರ್ ಬರೆದು ಎಚ್.ಎಂ.ಗೂ ಪಿ.ಟಿ. ಸರ್‌ಗೂ ಕೊಡಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ತರಲು ಒಪ್ಪಿಗೆ ಕೊಟ್ಟಿದೆ. ನಿಮ್ಮದು ಸ್ಟೇಟ್ ಸಿಲಬಸ್ ಆದರೆ ಡಾಕ್ಟರ್ ಪತ್ರ ಸಮೇತ ಎಚ್.ಎಂ. ಹತ್ತಿರ ಮೊದಲೇ ಕೇಳಿಡಿ.

ಮನೆಗೆ ಬಂದಾಗ ಶುಗರ್ ಎಷ್ಟಿತ್ತು ಅನ್ನುವುದೇ ಮೊದಲ ಪ್ರಶ್ನೆ ಆಗದಿರಲಿ. ಇವತ್ತು ಯಾರ ಜೊತೆ ಕೂತೆ ಅಂತ ಕೇಳಿ, ಮೀಟರ್ ಆಮೇಲೆ ನೋಡೋಣ. ಎರಡು ವಾರ ಕಳೆದರೂ ನಿದ್ದೆ ಬರುತ್ತಿಲ್ಲ, ಸ್ಕೂಲೇ ಬೇಡ ಅನ್ನುತ್ತಿದ್ದರೆ, ಇಲ್ಲವೇ ಬದುಕೇ ಸಾಕು ಅನ್ನುವಂಥ ಮಾತು ಬಂದರಂತೂ ಅದೇ ಕ್ಷಣ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನವಿಡೀ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಗುಂಪಿನ ಸದಸ್ಯೆ: ನಾನು ಹೈಸ್ಕೂಲ್ ಟೀಚರ್. ಇಂಥ ಮಗು ಇದ್ದರೆ ಇಡೀ ಕ್ಲಾಸಿಗೆ ನಾನೇ ಹೇಳಿಬಿಡಬಹುದಾ?

ಡಾಕ್ಟರ್: ಮಗುವನ್ನು ಕೇಳದೆ ಬೇಡ ಟೀಚರ್. ಕೆಲವರು ತಾವೇ ಎದ್ದು ನಿಂತು ಪೆನ್ ತೋರಿಸುತ್ತಾರೆ, ಕೆಲವರಿಗೆ ಎಲ್ಲರೂ ತಿರುಗಿ ನೋಡಿದರೇ ಹಿಂಸೆ. ಅವನು ಹೂಂ ಅಂದರೆ ವಿಜ್ಞಾನದ ಪೀರಿಯಡ್‌ನಲ್ಲಿ ಹಾರ್ಮೋನ್ ಪಾಠ ಬಂದಾಗ ಹೇಳಿ, ಎಲ್ಲಿಯವರೆಗೆ ಹೇಳಬೇಕು ಅನ್ನುವುದನ್ನೂ ಅವನನ್ನೇ ಕೇಳಿ.