ಬಿಲ್ ಆದ ಅರಬಿ ಎಲ್ಲಾ ಗೇಟಿನ್ಯಾಗ ಬೀಪ್ ಅಂತೈತಿ, ಟ್ಯಾಗ್ ತೆಗೆಯೂದು ಹೆಂಗ?

ಗೇಟಿನ್ಯಾಗ_ನಿಂತಾಂವ (ಹುಬ್ಬಳ್ಳಿ) · ಸೋಮವಾರ, ರಾತ್ರಿ 9.40
ರೊಕ್ಕ ಕೊಟ್ಟು ತಗೊಂಡ ಅರಬಿಗೆ ಕಳ್ಳನಂಗ ನಿಲ್ಲೂ ಹಣೆಬರಹ. ಗೋಕುಲ ರೋಡ್ ಕಡೆ ಒಂದ್ ಅಂಗಡ್ಯಾಗ ತಗೊಂಡಿದ್ದು, ಬಿಲ್ಲೂ ಆಗೈತಿ, ಕಳವು ತಡಿಯೂ ಟ್ಯಾಗ್ ಮಾತ್ರ ಹಂಗ ಬಿಟ್ಟಾರ. ಈಗ ಯಾವ ಅಂಗಡಿ ಹೊಕ್ಕರೂ ಬೀಪ್, ಹೊರಬಿದ್ರೂ ಬೀಪ್. ಐತವಾರ ಲಗ್ನ ಐತಿ. ಮನ್ಯಾಗ ತೆಗೆಯೂದು ಹೆಂಗ ಅಷ್ಟ ಹೇಳ್ರಿ. "ಅಂಗಡಿಗೆ ವಾಪಸ್ ಒಯ್ರಿ" ಅನ್ನಾವ್ರು ದಯಮಾಡಿ ಮುಂದ ನಡೀರಿ.

ಸೂಜಿದಾರ (ಧಾರವಾಡ) · ರಾತ್ರಿ 9.52
ಯಾವ ಅರಬಿ? ಟ್ಯಾಗ್ ಎಂಥಾದ್ದು? ಎಲ್ಲಿ ಚುಚ್ಚ್ಯಾರ? ಬಿಲ್ ಇನ್ನೂ ಐತೇನು? ಒಂದೂ ಬರದಿಲ್ಲಲ್ರಿ. ಫೋಟೋ ಹಾಕ್ರಿ.

ಸೋಲ್ಡರ್_ಅಣ್ಣ (ಹುಬ್ಬಳ್ಳಿ) · ರಾತ್ರಿ 10.05
ಫೋಟೋ ಯಾಕ, ಎಲ್ಲಾ ಒಂದ ತರಹ. ಗಟ್ಟಿ ಪ್ಲಾಸ್ಟಿಕ್ ಟ್ಯಾಗಿನೊಳಗ ಶಂಕುವಿನ ಆಕಾರದ ಒಂದು ಬಟ್ಟಲ, ಅದರಾಗ ಮೂರು ಉಕ್ಕಿನ ಗುಂಡು, ಹಿಂದ ಒಂದು ಸ್ಪ್ರಿಂಗ್. ಪಿನ್ನಿನ ಮ್ಯಾಲಿನ ಗೀರಿಗೆ ಗುಂಡು ಕಚ್ಚಿ ಹಿಡೀತಾವ, ಎಳದಷ್ಟೂ ಬಿಗಿ. ಮ್ಯಾಗ್ನೆಟ್ ಹಿಡದ್ರ ಗುಂಡು ಸಡಿಲ. ಹಳೇ ಸ್ಪೀಕರ್ ಒಡದು ಅದರ ಮ್ಯಾಗ್ನೆಟ್ ಹಚ್ರಿ, ಮುಗೀತು.

ಸೂಜಿದಾರ · ರಾತ್ರಿ 10.11
ಮುಗಿಯೂದು ಅರಬಿ. ಸ್ಪೀಕರಿನ ಫೆರೈಟ್ ಮ್ಯಾಗ್ನೆಟ್ಟಿನ ಬಲ ಅದರ ಉಕ್ಕಿನ ಚೌಕಟ್ಟಿನೊಳಗ, ಕಾಯ್ಲ್ ಕೂಡೂ ಸಂದಿನ್ಯಾಗ ಕಟ್ಟಿ ಹಾಕಿರ್ತದ, ಹೊರಗ ಬರೂದು ಕಡಿಮಿ. ಗುಂಡು ಜಗ್ಗಂಗಿಲ್ಲ. ಆಮ್ಯಾಲ ಮನಷ್ಯಾ ಸಿಟ್ಟಿಗೆದ್ದು ಇಕ್ಕಳ ಹಿಡೀತಾನ. ಅದು ಇಂಕ್ ಟ್ಯಾಗ್ ಆಗಿದ್ರ ಒಳಗ ಇಂಕ್ ತುಂಬಿದ ಗಾಜಿನ ಸಣ್ಣ ಕೊಳವಿ ಇರ್ತಾವ. ತಿರುವಿದ್ರ, ಬಗ್ಗಿಸಿದ್ರ ಒಡೀಲಿ ಅಂತನ ಮಾಡಿದ್ದವು.

ಸೋಲ್ಡರ್_ಅಣ್ಣ · ರಾತ್ರಿ 10.14
ಇಂಕ್ ಇದ್ರ ಒಂದು ರಾತ್ರಿ ಫ್ರೀಜರಿನ್ಯಾಗ ಇಡ್ರಿ, ಗಟ್ಟಿ ಆಗ್ತದ. ಇಂಟರ್ನೆಟ್ ತುಂಬಾ ಐತಿ.

ಸೂಜಿದಾರ · ರಾತ್ರಿ 10.20
ಮನಿ ಫ್ರೀಜರ್ ಅಂದ್ರ ಮೈನಸ್ 18 ಡಿಗ್ರಿ ಸುತ್ತ. ಇಂಕಿನ್ಯಾಗ ಆಲ್ಕೋಹಾಲ್ ಜಾತಿ ದ್ರಾವಕ ಇದ್ರ ಅಷ್ಟಕ್ಕ ಹೆಪ್ಪಗಟ್ಟಂಗಿಲ್ಲ. ಎಥನಾಲ್ ಗಟ್ಟಿ ಆಗಾಕ ಮೈನಸ್ 114 ಬೇಕು. ತಂಪಿಗೆ ಪ್ಲಾಸ್ಟಿಕ್ ಮಾತ್ರ ಪೆಡಸಾಗಿ ಲಗೂನ ಸೀಳ್ತದ. ಅಂದ್ರ ಕೊಳವಿ ಒಡಿಯೂದಕ್ಕ ನೀವ ಸಹಾಯ ಮಾಡಿದಂಗ.

ಸೋಲ್ಡರ್_ಅಣ್ಣ · ರಾತ್ರಿ 10.23
ಎಲ್ಲಾ ಟ್ಯಾಗಿನ್ಯಾಗೂ ಇಂಕ್ ಇರೂದಿಲ್ಲ. ಸುಮ್ನ ಹೆದರಸಬ್ಯಾಡ್ರಿ. ಸ್ಪೀಕರ್ ಬ್ಯಾಡಂದ್ರ ಹಾರ್ಡ್‌ಡಿಸ್ಕ್ ಮ್ಯಾಗ್ನೆಟ್, ನಿಯೋಡಿಮಿಯಂ. ನನ್ನ ಟೇಬಲ್ ಮ್ಯಾಲ ಹದಿನಾಕು ಅದಾವ, ಹಾಟ್ ಏರ್ ಸ್ಟೇಶನ್ ಪಕ್ಕಕ್ಕ ಸಾಲಾಗಿ ಅಂಟಿಸೀನಿ, ಸ್ಕ್ರೂ ಹಿಡಿಯಾಕ ಭಾಳ ಚಲೋ.

ಜೂಕಿ_ಪ್ರೇಮಿ (ಗದಗ) · ರಾತ್ರಿ 10.31
ಸ್ಕ್ರೂಗೆ ಮ್ಯಾಗ್ನೆಟ್ ಸರಿ, ಹೊಲಿಗಿ ಮಷಿನ್ ಹತ್ರ ತರಬ್ಯಾಡ್ರಿ. ಎಲೆಕ್ಟ್ರಾನಿಕ್ ಮಾಡೆಲ್ ಇದ್ರ ಬೋರ್ಡ್ ಕಡೆ ದೂರ ಇಡೂದ ಛಲೋ. ನಮ್ಮಲ್ಲಿ ಸರ್ವೋ ಮೋಟರ್ ಹಾಕಿದ ಸಿಂಗಲ್ ನೀಡಲ್ ಐತಿ, ಸಪ್ಪಳನ ಇಲ್ಲ.

ಗೇಟಿನ್ಯಾಗ_ನಿಂತಾಂವ · ಮಂಗಳವಾರ, ಮುಂಜಾನೆ 7.15
ಎಲ್ಲಾರಿಗೂ ನಮಸ್ಕಾರ. ಮ್ಯಾಗ್ನೆಟ್ ಎಲ್ಲಿ ಹಚ್ಚಲಿ? ಪ್ಲಾಸ್ಟಿಕ್ ಡಬ್ಬಿ ಏನೂ ಇಲ್ಲ. ಟ್ಯಾಗ್ ಕಣ್ಣಿಗೆ ಕಾಣವಲ್ದು, ಬೀಪ್ ಅಷ್ಟ ಕೇಳತೈತಿ. ಪ್ಯಾಂಟ್ ಅದು.

ಸೂಜಿದಾರ · ಮುಂಜಾನೆ 7.22
ಇದನ್ನ ನಿನ್ನೆ ಹೇಳಿದ್ರ ಫ್ರೀಜರಿನ ತನಕಾ ಹೋಗತಿದ್ದಿಲ್ಲಲ್ಲೋ ಮಾರಾಯಾ.

ಪೆಡೆಸ್ಟಲ್ (ಹುಬ್ಬಳ್ಳಿ) · ಮುಂಜಾನೆ 8.05
ಹಂಗಾದ್ರ ಇದು ಟ್ಯಾಗ್ ಅಲ್ಲ, ಲೇಬಲ್. ಕೌಂಟರಿನ್ಯಾಗ ಅದನ್ನ ನಿಷ್ಕ್ರಿಯ ಮಾಡೂದು ಬಿಟ್ಟುಹೋಗೇತಿ. ಮೊದಲ ಯಾವ ಜಾತಿ ಅನ್ನೂದು ಗೊತ್ತಾಗಬೇಕು. ಬೀಪ್ ಅಂದ ಗೇಟ್ ನೆನಪ ಮಾಡ್ಕೊಳ್ರಿ.

ನಡುವ ದೊಡ್ಡ ಖಾಲಿ ಜಾಗ ಇರೂ ಚೌಕಟ್ಟು, ಕೊಳವಿ ಬಗ್ಗಿಸಿದಂಗ ಕಾಣೂದು, ಹೆಚ್ಚಾಗಿ ಆರ್‌ಎಫ್ (ರೇಡಿಯೋ ತರಂಗದ್ದು), 8.2 ಮೆಗಾಹರ್ಟ್ಸ್. ಅದರ ಲೇಬಲ್ ಕಾಗದದ ಸ್ಟಿಕ್ಕರ್ ಇಲ್ಲಾ ಹೊಲದ ಬಟ್ಟಿ ಪಟ್ಟಿ. ಬೆಳಕಿಗೆ ಹಿಡದ್ರ ಒಳಗ ಅಲ್ಯುಮಿನಿಯಂ ಹಾಳಿಯ ಚೌಕ ಸುರುಳಿ ಕಾಣತೈತಿ. ಸುರುಳಿ ಮತ್ತ ಕೆಪಾಸಿಟರ್ (ವಿದ್ಯುತ್ ಕೂಡಿಡೂ ಭಾಗ), ಅಷ್ಟ. ಕೌಂಟರಿನ ಪ್ಯಾಡ್ ಜೋರು ಸಿಗ್ನಲ್ ಕೊಟ್ಟು ಕೆಪಾಸಿಟರಿನ ನಿರೋಧಕ ಪದರ ಸುಡತೈತಿ. ಆ ಸುಟ್ಟ ತೂತು ಸರಿಯಾಗಿ ಆಗಿರದಿದ್ರ ಮಡಚಿ, ತೊಳದು ಮಾಡಿದಾಗ ಮತ್ತ ಜೀವಾ ಬರೂದೂ ಐತಿ. ಮೊದಲ ಸುಮ್ನಿದ್ದ ಅಂಗಿ ಎರಡು ತಿಂಗಳ ಮ್ಯಾಲ ಕೂಗೂದು ಇದರಿಂದ.

ದಪ್ಪ, ಅಗಲ ಕಂಬ ಇದ್ರ ಬಹುತೇಕ ಎಎಮ್ (ಅಕೌಸ್ಟೋ-ಮ್ಯಾಗ್ನೆಟಿಕ್, ಕಾಂತದಿಂದ ನಡಗೂದು), 58 ಕಿಲೋಹರ್ಟ್ಸ್. ಅದರ ಲೇಬಲ್ ಸುಮಾರು 45 ಮಿಲಿಮೀಟರ್ ಉದ್ದ, 10 ಅಗಲ, 2 ದಪ್ಪದ ಬಿಳಿ ಪ್ಲಾಸ್ಟಿಕ್ ಪೊಟ್ಟಣ. ಒಳಗ ಸಣ್ಣ ಲೋಹದ ಪಟ್ಟಿ ಸಡಿಲ ಇರ್ತಾವ, ಗೇಟಿನ ಮಿಡಿತಕ್ಕ ನಡಗತಾವ. ಪಕ್ಕಕ್ಕ ಕಾಂತಪಟ್ಟಿ ಒಂದು. ಆ ಪಟ್ಟಿಯ ಕಾಂತ ಅಳಿಸಿದ್ರ ಲೇಬಲ್ ಬೇರೆ ಆವರ್ತನಕ್ಕ ಸರಿದು ಗೇಟಿಗೆ ಕಿವುಡ ಆಗತೈತಿ.

ಮೂರನೇದ್ದು ಆರ್‌ಎಫ್‌ಐಡಿ. ರೇಡಿಯೋದಿಂದ ಗುರುತು ಹೇಳೂ ಚಿಪ್, ಭಾರತದಾಗ 865ರಿಂದ 868 ಮೆಗಾಹರ್ಟ್ಸ್. ಅದು ಬಿಲ್ಲಿನ ಲೆಕ್ಕದ ಜೋಡಿ ಕೂಡಿರ್ತೈತಿ. ಒಂದ್ ಅಂಗಡಿ ಚಿಪ್ಪಿಗೆ ಬ್ಯಾರೆ ಅಂಗಡಿ ಗೇಟ್ ಕೂಗೂದು ಅಪರೂಪ. ನಿಮಗ ನಾಕ್ಕಡೆ ಕೂಗತೈತಿ ಅಂದ್ರ ಮೊದಲ ಎರಡರಾಗ ಒಂದು.

ಸೋಲ್ಡರ್_ಅಣ್ಣ · ಮುಂಜಾನೆ 8.30
ಕಾಂತ ಅಂತ ನೀವ ಹೇಳಿದ್ರಲ್ಲ. ಅಂದ್ರ ಮ್ಯಾಗ್ನೆಟ್ ತಿಕ್ಕಿದ್ರ ಆತು. ನಾ ನಿನ್ನೆನ ಅಂದಿದ್ದು.

ಪೆಡೆಸ್ಟಲ್ · ಮುಂಜಾನೆ 8.41
ಪೂರಾ ಉಲ್ಟಾ. ಕಾಂತ ಇದ್ದಾಗ ಲೇಬಲ್ ಎಚ್ಚರ, ಅಳಿಸಿದಾಗ ನಿದ್ದಿ. ನಿದ್ದಿ ಹೊಂದಿದ್ದನ್ನ ಹಾರ್ಡ್‌ಡಿಸ್ಕ್ ಮ್ಯಾಗ್ನೆಟ್ಟಿನಿಂದ ತಿಕ್ಕಿ ನೀವ ಎಬ್ಬಿಸ್ತೀರಿ. ಅಳಿಸಾಕ ಬೇಕಾಗಿದ್ದು ಹಿಂದ ಮುಂದ ತಿರುಗಿ ತಿರುಗಿ ಕ್ಷೀಣ ಆಗೂ ಕಾಂತಕ್ಷೇತ್ರ. ಪ್ಯಾಡಿನ್ಯಾಗ ಅದ ಇರೂದು.

ಚಾ_ಗಿರ್ಮಿಟ್ (ಹುಬ್ಬಳ್ಳಿ) · ಮುಂಜಾನೆ 8.44
ಮೈಕ್ರೋವೇವ್ 3 ಸೆಕೆಂಡ್?

ಪೆಡೆಸ್ಟಲ್ · ಮುಂಜಾನೆ 8.46
ಲೋಹದ ಹಾಳಿ ಕಿಡಿ ಹಾರಸತೈತಿ, ಜಿಪ್ ಸೈತ. ಪ್ಯಾಂಟ್ ಹೊತ್ತತೈತಿ. ಇಸ್ತ್ರಿನೂ ಬ್ಯಾಡ, ಪೊಟ್ಟಣ ಕರಗಿ ಬಟ್ಟಿಗೆ ಹತ್ತಿದ್ರ ಬಿಡಂಗಿಲ್ಲ. ಬಿಲ್ ಆದ ಲೇಬಲ್ ಕಿತ್ತೂದಕ್ಕ ಯಾ ಮಂತ್ರನೂ ಬೇಕಾಗಿಲ್ಲ, ಹುಡುಕಿ ಹೊಲಿಗಿ ಬಿಚ್ಚೂದು. ಬಹಳಷ್ಟು ಪಟ್ಟಿ ಮ್ಯಾಲ ಕತ್ತರಿ ಚಿತ್ರ ಅಚ್ಚ ಹಾಕಿರ್ತಾರ.

ಸೂಜಿದಾರ · ಮುಂಜಾನೆ 9.10
ಹುಡುಕೂ ಜಾಗ ನಾ ಹೇಳ್ತೀನಿ. ಪ್ಯಾಂಟ್ ತಿರುವಿ ಹಾಕ್ರಿ. ಎಡಗಡೆ ಬಾಜೂ ಹೊಲಿಗಿ ಗುಂಟ ತೊಳಿಯೂ ಸೂಚನಾದ ಪಟ್ಟಿ ಇರ್ತದ, ಅದು ಮೂರ್ನಾಕು ಪದರ. ಒಂದೊಂದ ಬೆರಳಾಗ ಹಿಚುಕ್ರಿ. ಬರೇ ಸ್ಯಾಟಿನ್ ಇದ್ರ ಮೆತ್ತಗ, ಒಳಗ ಹಾಳಿ ಇದ್ರ ಕರಕರ ಅಂತದ. ಆಮ್ಯಾಲ ನಡಪಟ್ಟಿ ಒಳಮೈ, ಹಿಂದಿನ ಕಿಸೆ ಚೀಲದ ತಳ, ಜಿಪ್ಪಿನ ಹಿಂದಿನ ಮಡಿಕಿ. ಜಾಕೀಟ್ ಆದ್ರ ಅಸ್ತರಿನೊಳಗ.

ಸಿಕ್ಕ ಮ್ಯಾಲ ಹೊಲಿಗಿಗೆ ಕತ್ತರಿ ಹಾಕಬ್ಯಾಡ್ರಿ, ಸೀಮ್ ರಿಪ್ಪರ್ (ಹೊಲಿಗಿ ಬಿಚ್ಚೂ ಸಣ್ಣ ಹತ್ಯಾರ) ತಗೊಳ್ರಿ. ಲೇಬಲ್ ಬಾಜೂ ಹೊಲಿಗಿಯೊಳಗ ಸೇರಿಸಿ ಹೊಲದಿದ್ರ ಪೂರಾ ಬಿಚ್ಚೂದು ಬ್ಯಾಡ. ಹೊಲಿಗಿಗೆ 2 ಮಿಲಿಮೀಟರ್ ಬಿಟ್ಟು ಪಟ್ಟಿನ್ನ ಅಷ್ಟ ಕತ್ತರಿಸ್ರಿ. ಆ ತುಂಡಿನ್ಯಾಗ ಹಾಳಿ ಉಳದ್ರ ಚರ್ಮ ಕಡೀತದ, ಚಿಮಟಿಲೆ ಜಗ್ಗಿ ತಗೀರಿ. ಓವರ್‌ಲಾಕ್ (ಅಂಚು ಬಿಚ್ಚದಂಗ ಸುತ್ತಿ ಹೊಲದ) ದಾರಕ್ಕ ಬ್ಲೇಡ್ ತಾಗಿದ್ರ ಮಾತ್ರ ಮುಂದಿನ ಸಲ ತೊಳದಾಗ ಬಾಜೂ ಬಿಚ್ಚಿಕೊಂಡು ಬರ್ತದ, ಎಚ್ಚರ.

ಜೂಕಿ_ಪ್ರೇಮಿ · ಮುಂಜಾನೆ 9.26
ಓವರ್‌ಲಾಕ್ ಬಿಚ್ಚಿದ್ರ ಚಿಂತಿಲ್ಲ, ನಾಕ್ ದಾರದ್ದು ಇದ್ರ ಅರ್ಧಾ ನಿಮಿಷದ ಕೆಲಸ. ಜೋಡಿಗೆ ಬಾಗೂ ಕತ್ತಿನ ಎಲ್‌ಇಡಿ ದೀಪ ಬೇಕು, ಕಪ್ಪು ಪ್ಯಾಂಟಿನ ಕಪ್ಪು ದಾರ ಮನಿ ಟ್ಯೂಬ್‌ಲೈಟಿಗೆ ಕಾಣಂಗಿಲ್ಲ. ಸಾದಾ ಉಷಾ ಮಷಿನ್ನಿನ್ಯಾಗ ಈ ಕೆಲಸಾ ಆಗಂಗಿಲ್ಲ.

ಸೂಜಿದಾರ · ಮುಂಜಾನೆ 9.30
ಯಾಕ ಆಗಂಗಿಲ್ಲ? 2.5 ಮಿಲಿಮೀಟರ್ ಟಾಕಿ, ಎರಡು ಸಾಲು, ಅಂಚಿಗೆ ಕೈಲೆ ಸುತ್ತು ಹೊಲಿಗಿ. ಕಾಲಿಲೆ ತುಳಿಯೂ ಮಷಿನ್ ಮ್ಯಾಲ ಅರ್ಧಾ ಧಾರವಾಡ ಅರಬಿ ಹೊಲಿಸಿಕೊಂಡದ.

ಹಾವೇರಿ_ಏಲಕ್ಕಿ · ಮುಂಜಾನೆ 10.02
ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮದು ಗಟ್ಟಿ ಪ್ಲಾಸ್ಟಿಕ್ ಟ್ಯಾಗೇ. ಕಸೂತಿ ಮಾಡಿದ ಇಳಕಲ್ ಸೀರೆ, ಹುಬ್ಬಳ್ಳಿಯಲ್ಲಿ ಖರೀದಿ, ಬಿಲ್ ಇದೆ. ಹಾವೇರಿಯಲ್ಲಿ ಆ ಅಂಗಡಿಯ ಶಾಖೆ ಇಲ್ಲ. ಪಿನ್ ಸೆರಗಿನ ಹತ್ತಿರ ಇದೆ. ಬೇರೆ ಅಂಗಡಿಯವರು ತೆಗೆದುಕೊಡುತ್ತಾರೆಯೇ?

ಸೋಲ್ಡರ್_ಅಣ್ಣ · ಮುಂಜಾನೆ 10.06
ನೋಡ್ರಿ, ಗಟ್ಟಿ ಟ್ಯಾಗ್ ಬಂತು! ಮ್ಯಾಗ್ನೆಟ್.

ಬೆಟಗೇರಿ_ಮಗ್ಗ (ಗದಗ) · ಮುಂಜಾನೆ 10.25
ಅಣ್ಣಾ, ಇಳಕಲ್ ಸೀರಿ ಹತ್ರ ಬರಬ್ಯಾಡ. ಅಕ್ಕಾರ, ಪಿನ್ ಮೈ ಮತ್ತ ಸೆರಗು ಕೂಡೂ ಗೆರಿಯಿಂದ ಎಷ್ಟು ದೂರ ಐತಿ ಅಳೀರಿ. ಇಳಕಲ್ಲಿನ್ಯಾಗ ಮೈ ಹಾಸು (ಮಗ್ಗದ ಉದ್ದ ಎಳಿ) ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಕುಣಿಕಿ ಹಾಕಿ ಜೋಡಸ್ತಾರ, ಟೋಪ್ ತೆನಿ ಅಂತಾರ. ಆ ಕುಣಿಕಿಯೊಳಗ ಪಿನ್ ಹೊಕ್ಕಿದ್ದು, ಯಾರರ ತಿರುವಿ ಜಗ್ಗಿದ್ರ ಒಂದ್ ಎಳಿ ಹರೀತೈತಿ. ಒಂದ್ ಹರದ್ರ ಆಜೂಬಾಜೂ ಸಡ್ಲ. ರಫೂ ಮಾಡಾವ್ರು ಸೈತ ಆ ಜಾಗ ಮುಟ್ಟಾಕ ಹಿಂದಮುಂದ ನೋಡ್ತಾರ. ಗೆರಿಯಿಂದ ನಾಕ್ ಬೆರಳ ಆಚೆ ಇದ್ರ ಧೈರ್ಯ.

ಬ್ಯಾರೆ ಅಂಗಡ್ಯಾವ್ರು ಬಹಳ ಮಾಡಿ ಮುಟ್ಟಂಗಿಲ್ಲ, ಅವರ ತಪ್ಪಲ್ಲ ಅದು. ಮೊದಲ ಫೋನ್ ಹಚ್ಚಿ ಬಿಲ್ ನಂಬರ್, ತಾರೀಖ, ಯುಪಿಐ ಸಂದೇಶ ಹೇಳ್ರಿ. ಬಿಲ್ಲಿನ ಫೋಟೋ ಇವತ್ತ ತಕ್ಕೊಳ್ರಿ. ಥರ್ಮಲ್ ಕಾಗದ ಬಿಸಲಿಗೆ, ಬಿಸಿಗೆ ಹಾಳಾಗತೈತಿ. ಲ್ಯಾಮಿನೇಶನ್ ಮಾಡಿಸಿದ್ರಂತೂ ಪೂರಾ ಕರ್ರಗ.

ಒಯ್ಯುವಾಗ ಟ್ಯಾಗ್ ಜೋತು ಬಿಡಬ್ಯಾಡ್ರಿ, ಭಾರಕ್ಕ ತೂತು ಉದ್ದ ಆಗತೈತಿ. ಟ್ಯಾಗಿನ ಎರಡೂ ಬಾಜೂ ಹಳೇ ಧೋತ್ರದ ತುಂಡು ಇಟ್ಟು, ಸೀರಿ ಅದರ ಸುತ್ತ ಮಡಚಿ, ರಟ್ಟಿನ ಮ್ಯಾಲ ಸಪಾಟ.

ಹಾವೇರಿ_ಏಲಕ್ಕಿ · ಮುಂಜಾನೆ 10.50
ಗೆರೆಯಿಂದ ಸುಮಾರು ಆರು ಬೆರಳು. ಆದರೆ ಪಿನ್ ಕಸೂತಿಯ ಗೋಪುರದ ಮೂಲೆಗೇ ತಾಗಿದೆ. ತೆಗೆದ ಮೇಲೆ ತೂತು ಉಳಿಯುತ್ತದೆಯೇ?

ಸೂಜಿದಾರ · ಮುಂಜಾನೆ 11.15
ಎಳಿ ಹರದಿಲ್ಲಂದ್ರ ಅದು ತೂತಲ್ಲ, ಬಾಜೂಕ ಸರಿದ ಎಳಿ. ಹತ್ತಿ ಇದ್ರ ಒಂದು ಸಲ ತೊಳದ್ರ ಕೂಡ್ತದ. ರೇಷ್ಮಿ ನುಣುಪು, ತಾನಾಗಿ ಕೂಡಂಗಿಲ್ಲ. ಮೊಂಡ ತುದಿ ಸೂಜಿ, 24ನೇ ನಂಬರಿಂದು, ಹಿಂದಿನ ಮಗ್ಗಲಿನಿಂದ ಎಳಿಗಳನ್ನ ಮೊದಲ ಅಡ್ಡ, ಆಮ್ಯಾಲ ಉದ್ದ, ತೂತಿನ ಕಡೆ ಸವರ್ರಿ. ಮ್ಯಾಲ ಒಣ ಹತ್ತಿ ಬಟ್ಟಿ ಹಾಸಿ, 3 ಇಂಚು ದೂರದಿಂದ ಉಗಿ. ನೀರ ಚಿಮುಕಿಸಬ್ಯಾಡ್ರಿ, ರೇಷ್ಮಿ ಮ್ಯಾಲ ಕಲಿ ಕೂಡ್ತದ.

ಕಸೂತಿ ದಾರ ಹರದಿದ್ರ ಗಂಟ ಹಾಕೂ ಹಂಗಿಲ್ಲ. ಗೋಪುರ ಅಂದ್ರ ಬಹುಶಃ ಗವಂತಿ ಇಲ್ಲಾ ಮುರಗಿ ಟಾಕಿ, ಎರಡೂ ಮಗ್ಗಲ ಒಂದ ತರಹ ಕಾಣಬೇಕು. ಹರದ ಜಾಗಕ್ಕಿಂತ ನಾಕೈದು ಟಾಕಿ ಹಿಂದಿನಿಂದ ಹೊಸ ದಾರ ಹಳೇದರ ಗುಂಟ ಒಯ್ದು, ಎಳಿ ಎಣಿಸಿಕೊಂಡು ತುಂಬ್ರಿ. ಎಣಿಕಿ ಒಂದ ತಪ್ಪಿದ್ರೂ ಗೋಪುರ ಸೊಟ್ಟ.

ಚಾ_ಗಿರ್ಮಿಟ್ · ಮುಂಜಾನೆ 11.20
ಅಕಸ್ಮಾತ್ ಇಂಕ್ ಒಡದ್ರ? ಬ್ಲೀಚ್?

ಸೂಜಿದಾರ · ಮುಂಜಾನೆ 11.31
ಬ್ಲೀಚ್ ರೇಷ್ಮಿನ್ನ, ಉಣ್ಣಿನ್ನ ತಿಂದು ಹಾಕ್ತದ, ಕಲಿ ಜೋಡಿ ಸೀರಿನೂ ಹೋಗ್ತದ. ಬಿಸಿ ನೀರೂ ಬ್ಯಾಡ, ತಿಕ್ಕೂದೂ ಬ್ಯಾಡ. ಕೆಳಗ ಟಿಶ್ಯೂ ಇಟ್ಟು ಮ್ಯಾಲಿನಿಂದ ಒತ್ತಿ ಒತ್ತಿ ಹೀರಸ್ರಿ. ಹತ್ತಿ, ಪಾಲಿಯೆಸ್ಟರಿಗೆ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ ಕಡ್ಡಿಲೆ, ಹೊರಗಿನಿಂದ ಒಳಗ. ಮೊದಲ ಕಾಣಲಾರದ ಅಂಚಿಗೆ ಹಚ್ಚಿ ಬಣ್ಣ ಬಿಡ್ತದೇನು ನೋಡ್ರಿ. ಉಗುರ ಬಣ್ಣ ತೆಗಿಯೂ ಅಸಿಟೋನ್ ಅಸಿಟೇಟ್ ಅಸ್ತರ್ ಕರಗಿಸ್ತದ. ಕಸೂತಿ ಸೀರಿ ಆದ್ರ ಇದ್ಯಾವ್ದೂ ಮನ್ಯಾಗ ಬ್ಯಾಡ, ಒಣಗೂ ಮೊದಲ ಡ್ರೈಕ್ಲೀನರ್.

ಗೇಟಿನ್ಯಾಗ_ನಿಂತಾಂವ · ಬುಧವಾರ, ರಾತ್ರಿ 8.50
ಸಿಕ್ತು. ಎಡ ಬಾಜೂ, ಮೂರನೇ ಪದರ, ಒಳಗ ಚೌಕ ಸುರುಳಿ. 2 ಮಿಲಿಮೀಟರ್ ಬಿಟ್ಟು ಕತ್ತರಿಸಿದೆ. ಒಂದ್ ಅಂಗಡಿ ಗೇಟ್ ಸುಮ್ನಾತು. ಇನ್ನೊಂದ್ ಇನ್ನೂ ಕೂಗತೈತಿ!! ಯಾರ ಹೇಳಿದ್ದು ಸುಳ್ಳ?

ಪೆಡೆಸ್ಟಲ್ · ರಾತ್ರಿ 9.04
ಯಾರ್ದೂ ಅಲ್ಲ. ಸುಮ್ನಾದ ಗೇಟ್ ಚೌಕಟ್ಟಿಂದು, ಕೂಗೂದು ದಪ್ಪ ಕಂಬದ್ದು, ಹೌದಲ್ಲ? ಆರ್‌ಎಫ್ ಹೋತು, ಎಎಮ್ ಒಂದ್ ಬ್ಯಾರೆ ಎಲ್ಲ್ಯರ ಐತಿ. ಅದು ಪ್ಯಾಂಟಿನ್ಯಾಗ ಇರಬೇಕಂತ ಇಲ್ಲ. ಬೂಟಿನ ಒಳಹಾಸಿನ ಕೆಳಗ, ಪಾಕೀಟಿನ ಕಾರ್ಡ್ ಕಿಸೆಯೊಳಗ, ಹೊಸಾ ಚೀಲದ ತಳಕ್ಕ ನೋಡ್ರಿ. ಒಂದೊಂದ ವಸ್ತು ಅಷ್ಟ ಹಿಡಕೊಂಡು ಗೇಟಿನ ಹತ್ರ ಹೋಗ್ರಿ, ಕಾವಲಿನವರಿಗೆ ಮೊದಲ ಹೇಳಿ. ಆ ದಿವಸ ಪ್ಯಾಂಟಿನ ಜೋಡಿ ಮತ್ತೇನ್ ತಗೊಂಡಿದ್ರಿ?

ಗೇಟಿನ್ಯಾಗ_ನಿಂತಾಂವ · ರಾತ್ರಿ 9.10
ಏನೂ ಇಲ್ಲ. ಬೆಲ್ಟ್ ಒಂದ್ ಪುಗಸಟ್ಟೆ ಕೊಟ್ಟಿದ್ರು.

ಸೂಜಿದಾರ · ರಾತ್ರಿ 9.11
😑

ಪೆಡೆಸ್ಟಲ್ · ರಾತ್ರಿ 9.20
ಬಕಲಿನ ಹತ್ರ ಎರಡು ಪದರ ಅಂಟಿಸಿದಲ್ಲೆ ಹಿಚುಕ್ರಿ. ಅಲ್ಲೇ ಎರಡು ಇಂಚಿನಷ್ಟು ಗಟ್ಟಿ ಇದ್ರ ಅದ. ಪುಗಸಟ್ಟೆ ಮಾಲು ಸ್ಕ್ಯಾನ್ ಆಗಿರಂಗಿಲ್ಲ, ಪ್ಯಾಡ್ ಮ್ಯಾಲ ಹೋಗಿರಂಗಿಲ್ಲ.

ಗೇಟಿನ್ಯಾಗ_ನಿಂತಾಂವ · ರಾತ್ರಿ 9.27
ಐತಿ. ಸುತ್ತಲೂ ಹೊಲಿಗಿ, ಒಳಗ ಅಂಟು. ಬಿಚ್ಚಲೇನು?

ಸೂಜಿದಾರ · ರಾತ್ರಿ 9.33
ಬ್ಯಾಡ. ರೆಕ್ಸಿನ್ ಇದ್ರ ಅಂಟಿನ ಜೋಡಿ ಮೈ ಸುಲೀತದ, ಚರ್ಮ ಇದ್ರ ಹಳೇ ಸೂಜಿ ತೂತು ಕೂಡಂಗಿಲ್ಲ, ಅದ ತೂತಿನ್ಯಾಗ ಕೈಲೆ ಹೊಲೀಬೇಕು.

ಪೆಡೆಸ್ಟಲ್ · ರಾತ್ರಿ 9.36
ಬಿಲ್ ಒಯ್ದು ಕೌಂಟರ್ ಪ್ಯಾಡಿನ ಮ್ಯಾಲ ಬೆಲ್ಟ್ ಸಪಾಟ ಹಿಡದು ನಿಧಾನ ಸರಿಸಾಕ ಹೇಳ್ರಿ. ಸುತ್ತಿದ ಬೆಲ್ಟ್ ಇಟ್ರ ಲೇಬಲ್ ಪ್ಯಾಡಿನಿಂದ ದೂರ ಉಳೀತೈತಿ. ಅವರ ಗೇಟಿನ್ಯಾಗ ಎರಡು ಸಲ ದಾಟಿ ನೋಡೀನ ಬರ್ರಿ. ಇದಕ್ಕ ರೊಕ್ಕ ಕೇಳಿದ್ರ, ಇಲ್ಲಾ ಜಗ್ಗ್ಯಾಡಿದ್ರ, ಗ್ರಾಹಕ ಸಹಾಯವಾಣಿ 1915.

ಗೇಟಿನ್ಯಾಗ_ನಿಂತಾಂವ · ರಾತ್ರಿ 9.41
ಅಂದ್ರ ಅಂಗಡಿಗೆ ವಾಪಸ್ ಒಯ್ಯಬೇಕು.

ಸೋಲ್ಡರ್_ಅಣ್ಣ · ರಾತ್ರಿ 9.44
ಬೆಲ್ಟಿಗೆ ಮ್ಯಾಗ್ನೆಟ್

ಜೂಕಿ_ಪ್ರೇಮಿ · ರಾತ್ರಿ 10.15
ಚರ್ಮ ಹೊಲಿಯಾಕ ವಾಕಿಂಗ್ ಫೂಟ್ ಮಷಿನ್ ಬೇಕು, 18ನೇ ಸೂಜಿ, ಬಾಂಡೆಡ್ ನೈಲಾನ್ ದಾರ. ನಮ್ಮಲ್ಲಿ ಬರೂ ತಿಂಗಳ ಬರತೈತಿ, ಫೋಟೋ ಹಾಕ್ತೀನಿ.

ಹಾವೇರಿ_ಏಲಕ್ಕಿ · ಗುರುವಾರ, ಮುಂಜಾನೆ 6.58
ಅಂಗಡಿಯವರು ಶನಿವಾರ ಬನ್ನಿ ಎಂದಿದ್ದಾರೆ. 24ನೇ ನಂಬರಿನ ಮೊಂಡ ಸೂಜಿ ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತದೆ, ದುರ್ಗದ ಬೈಲಿನಲ್ಲಿ ನೋಡಲೇ?