ಪದಚರ್ಚೆ: ‘ಮೈಸ್ಟರ್ ಡೆರ್ ಹೆರ್ಟ್ಸೆನ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೇ,

ಜರ್ಮನಿಯ ಬುಂಡೆಸ್‌ಲಿಗಾ ಫುಟ್‌ಬಾಲ್‌ನ 2000-01ರ ಋತುವನ್ನು ಕುರಿತ ಬರಹವೊಂದಕ್ಕೆ ಈ ನುಡಿಗಟ್ಟಿನ ಕನ್ನಡ ರೂಪ ಬೇಕಾಗಿದೆ. ಆ ವರ್ಷ ಎರಡನೆಯ ಸ್ಥಾನಕ್ಕೆ ನಿಂತ ಶಾಲ್ಕೆ 04 ತಂಡವನ್ನು ಜರ್ಮನ್ನರು ಇಂದಿಗೂ ಹೀಗೆಯೇ ಕರೆಯುತ್ತಾರೆ. ಪದಕ್ಕೆ ಪದ ಇಟ್ಟರೆ ‘ಹೃದಯಗಳ ಚಾಂಪಿಯನ್’ ಎಂದಾಗುತ್ತದೆ, ಅದು ಕನ್ನಡವೆನಿಸುವುದಿಲ್ಲ.

ಸಂದರ್ಭ ತಿಳಿಯದೆ ಪದ ಆರಿಸಲಾಗದು. 2001ರ ಮೇ 19ರಂದು ಕೊನೆಯ ಸುತ್ತು ಆರಂಭವಾದಾಗ ಬೇಯರ್ನ್ ಮ್ಯೂನಿಕ್ ಮೂರು ಅಂಕ ಮುಂದಿತ್ತು, ಅಂಕ ಸಮವಾದಾಗ ಲೆಕ್ಕಕ್ಕೆ ಬರುವ ಗೋಲು ವ್ಯತ್ಯಾಸದಲ್ಲಿ ಶಾಲ್ಕೆ ಮೇಲಿತ್ತು. ಶಾಲ್ಕೆ ಗೆದ್ದು ಬೇಯರ್ನ್ ಸೋತರೆ ಮಾತ್ರ ಪಟ್ಟ ಕೈ ಬದಲಾಗುತ್ತಿತ್ತು. ಗೆಲ್ಸೆನ್‌ಕಿರ್ಖೆನ್‌ನಲ್ಲಿ ಶಾಲ್ಕೆ ಎರಡು ಗೋಲುಗಳ ಹಿನ್ನಡೆಯಿಂದ ಎದ್ದು ಉಂಟರ್‌ಹಾಖಿಂಗ್ ತಂಡವನ್ನು 5-3ರಿಂದ ಸೋಲಿಸಿತು. ಅತ್ತ ಹ್ಯಾಂಬರ್ಗ್‌ನಲ್ಲಿ 90ನೇ ನಿಮಿಷದಲ್ಲಿ ಹ್ಯಾಂಬರ್ಗ್ ತಂಡದ ಬಾರ್ಬರೆಝ್ ಬೇಯರ್ನ್ ವಿರುದ್ಧ ಗೋಲು ಹೊಡೆದರು. ಋತುವೇ ಮುಗಿಯಿತೆಂದು ನಂಬಿದ ಶಾಲ್ಕೆ ಅಭಿಮಾನಿಗಳು ಮೈದಾನಕ್ಕೆ ನುಗ್ಗಿ ಸಂಭ್ರಮಿಸುತ್ತಿರುವಾಗ, ಹ್ಯಾಂಬರ್ಗ್‌ನ ಗೋಲ್‌ಕೀಪರ್ ಶೋಬರ್ (ಅವರು ಶಾಲ್ಕೆಯಲ್ಲೇ ಬೆಳೆದವರು) ತಮ್ಮದೇ ಆಟಗಾರ ಹಿಂದಕ್ಕೆ ಒದ್ದ ಚೆಂಡನ್ನು ಕೈಯಲ್ಲಿ ಹಿಡಿದದ್ದಕ್ಕಾಗಿ ರೆಫರಿ ಮರ್ಕ್ ಬೇಯರ್ನ್‌ಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಕೊಟ್ಟರು, ಆ ತಂಡದ ಆಂಡರ್ಸನ್ ಅದನ್ನು ಗೋಲಿಗೆ ಸೇರಿಸಿದರು. ಪಂದ್ಯ 1-1, ಬೇಯರ್ನ್‌ಗೆ 63 ಅಂಕ, ಶಾಲ್ಕೆಗೆ 62. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1958ರ ನಂತರ ಶಾಲ್ಕೆ ಜರ್ಮನ್ ಚಾಂಪಿಯನ್ ಆಗಿರಲಿಲ್ಲ ಎಂಬುದು ಆ ನೋವಿನ ಆಳವನ್ನು ಹೇಳುತ್ತದೆ.

ನಮ್ಮ ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ ‘ಸೋತರೂ ಮನಗೆದ್ದ ತಂಡ’ ಎಂಬ ಮಾತು ಥಟ್ಟನೆ ನೆನಪಿಗೆ ಬರುತ್ತದೆ. ಆದರೆ ಶಾಲ್ಕೆ ಅಂದು ಸೋತಿರಲಿಲ್ಲ, ತನ್ನ ಪಂದ್ಯವನ್ನು ಗೆದ್ದೇ ಪಟ್ಟ ಕಳೆದುಕೊಂಡಿತು. ಮೇಲಾಗಿ ‘ಮೈಸ್ಟರ್’ ಎಂಬುದು ಒಂದು ಪಂದ್ಯದ ಗೆಲುವಲ್ಲ, ಇಡೀ ಋತುವಿನ ಪದವಿ. (ನಮ್ಮ ‘ಮೇಷ್ಟ್ರು’ ಕೂಡ ಇದೇ ಲ್ಯಾಟಿನ್ ಮೂಲಕ್ಕೆ ಸೇರಿದ ಪದವಾದರೂ ಇಲ್ಲಿ ನೆರವಾಗದು.) ‘ಮನಗೆದ್ದ’ ಎಂದರೆ ತಂಡದ ಸಾಧನೆ ಮುಂದೆ ಬರುತ್ತದೆ, ಜರ್ಮನ್ ಮಾತಿನಲ್ಲಿ ಪಟ್ಟ ಕಟ್ಟುವವರು ಜನ. ಆದ್ದರಿಂದ ‘ಜನಮನದ ಚಾಂಪಿಯನ್’ ಎಂಬುದು ನನಗೆ ಹೆಚ್ಚು ಹತ್ತಿರವೆನಿಸುತ್ತದೆ. ‘ಜನಮನ’ ಎಂಬುದು ಭಾಷಣಗಳಲ್ಲಿ ಸವೆದ ಪದವೆಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಿಂತ ಬಿಗಿಯಾದ ರೂಪ ಹೊಳೆದವರು ದಯವಿಟ್ಟು ತಿಳಿಸಬೇಕು.

ಜೊತೆಗೆ ಇನ್ನೊಂದು ಕೋರಿಕೆ. ಲೀಗಿನಲ್ಲಿ ಎರಡನೆಯ ಸ್ಥಾನ ಪಡೆದ ತಂಡಕ್ಕೆ ಜರ್ಮನ್ನಿನಲ್ಲಿ ‘ವಿಟ್ಸೆಮೈಸ್ಟರ್’ ಎನ್ನುತ್ತಾರೆ. ನಾವು ಬಳಸುವ ‘ರನ್ನರ್ ಅಪ್’ ಎಂಬುದು ಫೈನಲ್‌ನಲ್ಲಿ ಸೋತ ತಂಡವನ್ನೇ ಸೂಚಿಸುವಂತೆ ಓದುಗರಿಗೆ ತೋರುತ್ತದೆ, ಬುಂಡೆಸ್‌ಲಿಗಾದಲ್ಲಿ ಫೈನಲ್ ಎಂಬುದೇ ಇಲ್ಲ. ‘ದ್ವಿತೀಯ ಸ್ಥಾನಿ’ ಎಂದು ಬರೆದರೆ ಕ್ರೀಡಾ ಬರಹದಲ್ಲಿ ಸಲ್ಲುತ್ತದೆಯೇ?